ಕಡಲನ್ನು ಗಾಜಿನ ತೊಟ್ಟಿಗೆ ತಂದ ಗಾಸ್

ಮಕ್ಕಳೇ, ಹವಳ ಎಂದರೆ ನಿಮಗೆ ಏನು ನೆನಪಾಗುತ್ತದೆ? ಅಜ್ಜಿಯ ಕೊರಳ ಸರದಲ್ಲಿ ಕರಿಮಣಿಗಳ ನಡುವೆ ಕಾಣುವ ಕೆಂಪು ಮಣಿಯೇ? ನವರತ್ನಗಳ ಪಟ್ಟಿಯಲ್ಲಿ ಹವಳವೂ ಇದೆ. ಹಾಗಾಗಿ ಅದನ್ನು ಒಂದು ಬಗೆಯ ಕಲ್ಲೆಂದು ತಿಳಿದವರೇ ಹೆಚ್ಚು. ಆದರೆ ಹವಳ ನೆಲದಿಂದ ಅಗೆದು ತೆಗೆದ ಕಲ್ಲಲ್ಲ. ಕಡಲಿನಲ್ಲಿ ಬದುಕುವ ಪುಟ್ಟ ಪ್ರಾಣಿಗಳು ತಮ್ಮ ಮೈಯಿಂದ ಸ್ರವಿಸಿ ಕಟ್ಟಿಕೊಂಡ ಸುಣ್ಣದ ಆಸರೆ ಅದು.

ಆ ಪ್ರಾಣಿ ನೋಡಲು ಹೇಗಿರುತ್ತದೆ ಗೊತ್ತೇ? ಮೆತ್ತನೆಯ ಒಂದು ಚೀಲ. ಚೀಲಕ್ಕೆ ಒಂದೇ ಬಾಯಿ. ಬಾಯಿಯ ಸುತ್ತ ಬೆರಳುಗಳಂತೆ ಚಾಚಿಕೊಂಡ ಕರಬಳ್ಳಿಗಳು. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಹೈಡ್ರಾದ ಚಿತ್ರ ನೋಡಿದ್ದರೆ ಇದನ್ನು ಊಹಿಸಿಕೊಳ್ಳುವುದು ಸುಲಭ. ಹವಳದ ಹತ್ತಿರದ ನೆಂಟ ಸೀ ಅನಿಮೋನ್. ಅದಕ್ಕೆ ಸುಣ್ಣದ ಆಸರೆ ಇಲ್ಲ. ಬಂಡೆಗೆ ಅಂಟಿಕೊಂಡು ಕರಬಳ್ಳಿಗಳನ್ನು ಅರಳಿಸಿದಾಗ ಥೇಟ್ ಸೇವಂತಿಗೆ ಹೂವಿನಂತೆ ಕಾಣುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಾವು ಅದನ್ನು ಕಡಲಹೂ ಎಂದು ಕರೆಯೋಣ. ಹೂವಿನಂತೆ ಕಂಡರೂ ಇವೆಲ್ಲ ಬೇಟೆಗಾರ ಪ್ರಾಣಿಗಳು. ಹೈಡ್ರಾ, ಲೋಳೆಮೀನು, ಕಡಲಹೂ, ಹವಳ ಎಲ್ಲವೂ ಕುಟುಕುವ ಒಂದೇ ಕುಲಕ್ಕೆ ಸೇರಿದವು.

ಈಗ ಒಂದು ಪ್ರಶ್ನೆ. ಇಂಥ ಪ್ರಾಣಿ ಹೇಗೆ ತಿನ್ನುತ್ತದೆ, ಹೇಗೆ ಕುಟುಕುತ್ತದೆ, ಹೇಗೆ ಮರಿ ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಸತ್ತ ಹವಳದಲ್ಲಿ ಉಳಿಯುವುದು ಬರಿಯ ಸುಣ್ಣ. ಸತ್ತ ಕಡಲಹೂ ಬರಿಯ ಲೋಳೆಯ ಉಂಡೆ. ಸೀಸೆಯಲ್ಲಿ ಮದ್ಯಸಾರ ತುಂಬಿ ಅದರೊಳಗೆ ಇಟ್ಟರೆ ಬಣ್ಣವೆಲ್ಲ ಹೋಗಿಬಿಡುತ್ತದೆ. ಅಂದರೆ ಅದನ್ನು ಜೀವಂತವಾಗಿಯೇ ನೋಡಬೇಕು, ದಿನವೂ ನೋಡಬೇಕು. ಕಡಲಿನಿಂದ ದೂರದ ಮನೆಯಲ್ಲಿ ಅದು ಸಾಧ್ಯವೇ? ಸುಮಾರು 170 ವರ್ಷಗಳ ಹಿಂದೆ ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ನಾವು ಇಂದು ಮೀನುತೊಟ್ಟಿಗೆ ಹೇಳುವ ಅಕ್ವೇರಿಯಂ ಎಂಬ ಹೆಸರು ಊರೂರಿಗೆ ಹರಡಿದ್ದು ಅವರ ಪುಸ್ತಕದಿಂದಲೇ.

ಬಡತನದ ಬಾಲ್ಯ

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ತಂದೆ ಊರಿಂದೂರಿಗೆ ಅಲೆಯುತ್ತ ಅಂಗೈ ಅಗಲದ ಭಾವಚಿತ್ರಗಳನ್ನು ಬರೆದುಕೊಡುವ ಚಿತ್ರಕಾರ. ತಾಯಿ ಮದುವೆಗೆ ಮುಂಚೆ ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದವರು. ತಂದೆಯ ಸಂಪಾದನೆ ಇಂದು ಉಂಟು, ನಾಳೆ ಇಲ್ಲ. ಹುಡುಗ ಬೆಳೆದದ್ದು ಪೂಲ್ ಎಂಬ ಬಂದರು ಊರಿನಲ್ಲಿ. ಮನೆಯವರು ಅವನನ್ನು ಹೆನ್ರಿ ಎಂದು ಕರೆಯುತ್ತಿದ್ದರು.

ಅದೇ ಊರಿನಲ್ಲಿ ಸೂಸನ್ ಬೆಲ್ ಎಂಬ ಅತ್ತೆ ಇದ್ದರು. ಹುಳಹುಪ್ಪಟೆ, ಚಿಪ್ಪು, ಕಡಲಹೂಗಳ ಬಗ್ಗೆ ಆಕೆಗೆ ಬಹಳ ಆಸಕ್ತಿ. ಕಂಡದ್ದನ್ನು ಗಮನವಿಟ್ಟು ನೋಡುವುದನ್ನೂ ನೋಡಿದ್ದನ್ನು ಚಿತ್ರ ಬರೆಯುವುದನ್ನೂ ಹೆನ್ರಿಗೆ ಹೇಳಿಕೊಟ್ಟವರು ಆಕೆಯೇ. ಆಕೆಯ ಮಗ ಥಾಮಸ್ ಬೆಲ್ ಮುಂದೆ ಹೆಸರಾಂತ ಪ್ರಾಣಿವಿಜ್ಞಾನಿಯಾದರು. ನೋಡಿ, ಒಬ್ಬ ತಾಯಿ ಮನೆಯಲ್ಲಿ ಕಲಿಸಿದ ಪಾಠದಿಂದ ಇಬ್ಬರು ಪ್ರಾಣಿಶಾಸ್ತ್ರಜ್ಞರು ಸಿದ್ಧರಾದರು! ವಿಜ್ಞಾನದ ಚರಿತ್ರೆಯಲ್ಲಿ ಇಂಥವರ ಹೆಸರು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ ಎಂಬುದು ಬೇಸರದ ಸಂಗತಿ.

ಹದಿನೈದನೆಯ ವಯಸ್ಸಿಗೇ ಶಾಲೆ ಮುಗಿಯಿತು. ಒಂದು ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. 1827ರಲ್ಲಿ, ಹದಿನೇಳು ವರ್ಷದ ಹೆನ್ರಿ ಹಡಗು ಹತ್ತಿ ಅಟ್ಲಾಂಟಿಕ್ ಸಾಗರದ ಆಚೆ ನ್ಯೂಫೌಂಡ್‌ಲ್ಯಾಂಡ್ ಎಂಬ ಚಳಿಯ ದ್ವೀಪಕ್ಕೆ ಹೋದ. ಅಲ್ಲೂ ಲೆಕ್ಕ ಬರೆಯುವ ಕೆಲಸವೇ. 1832ರಲ್ಲಿ ಅಲ್ಲಿ ನಡೆದ ಒಂದು ಹರಾಜಿನಲ್ಲಿ ಸೂಕ್ಷ್ಮದರ್ಶಕದ ಬಗ್ಗೆ ಬರೆದ ಹಳೆಯ ಪುಸ್ತಕವೊಂದು ಅವನ ಕೈ ಸೇರಿತು. ಅಲ್ಲಿಂದ ಅವನ ದಾರಿ ತಿರುಗಿತು ಎನ್ನಬಹುದು. ಹಗಲು ಲೆಕ್ಕದ ಪುಸ್ತಕ, ಉಳಿದ ಹೊತ್ತು ಕೀಟಗಳ ಸಂಗ್ರಹ. ಕಾಲೇಜಿನ ಮೆಟ್ಟಿಲು ಹತ್ತದೆ, ತಾನಾಗಿ ಕಲಿತ.

ಮುಂದಿನ ಕೆಲವು ವರ್ಷಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1835ರಿಂದ ಮೂರು ವರ್ಷ ಕೆನಡಾದಲ್ಲಿ ಬೇಸಾಯ ಮಾಡಿದರು, ಕೈ ಹತ್ತಲಿಲ್ಲ. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಎಂಟು ತಿಂಗಳು ಮೇಷ್ಟರಾಗಿದ್ದರು. ಅಲ್ಲಿ ಗುಲಾಮರನ್ನು ನಡೆಸಿಕೊಳ್ಳುತ್ತಿದ್ದ ರೀತಿ ಕಂಡು ಮನಸ್ಸು ಕಹಿಯಾಯಿತು. 1839ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಜೇಬಿನಲ್ಲಿ ಕಾಸಿರಲಿಲ್ಲ. ಒಂದು ಮೀನು, ಒಂದಿಷ್ಟು ರೊಟ್ಟಿ, ಅಷ್ಟರಲ್ಲೇ ದಿನ ಕಳೆದದ್ದೂ ಉಂಟು. ಅತ್ತೆಯ ಮಗ ಥಾಮಸ್ ಬೆಲ್ ಅವರ ಶಿಫಾರಸಿನಿಂದ ಕೆನಡಾದ ಪ್ರಕೃತಿಯನ್ನು ಕುರಿತ ಅವರ ಮೊದಲ ಪುಸ್ತಕ 1840ರಲ್ಲಿ ಅಚ್ಚಾಯಿತು. ಪುಸ್ತಕ ಬರೆಯುವುದು, ಚಿತ್ರ ಬರೆಯುವುದು, ಒಂದು ಸಣ್ಣ ಶಾಲೆ ನಡೆಸುವುದು, ಹೀಗೆ ಜೀವನ ಸಾಗಿತು. 1844ರಲ್ಲಿ ಜಮೈಕಾ ದ್ವೀಪಕ್ಕೆ ಹೋಗಿ ಸುಮಾರು 18 ತಿಂಗಳು ಹಕ್ಕಿಗಳನ್ನೂ ಇತರ ಜೀವಿಗಳನ್ನೂ ಸಂಗ್ರಹಿಸಿದರು. ಸ್ಯಾಮ್ಯುಯೆಲ್ ಕ್ಯಾಂಪ್‌ಬೆಲ್ ಎಂಬ ಸ್ಥಳೀಯ ಯುವಕ ಅವರಿಗೆ ಜೊತೆಗಾರನಾಗಿದ್ದ.

1848ರಲ್ಲಿ ಎಮಿಲಿ ಬೋಸ್ ಎಂಬ ಲೇಖಕಿಯೊಂದಿಗೆ ಮದುವೆಯಾಯಿತು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ. ಆ ದಿನದ ದಿನಚರಿಯಲ್ಲಿ ಗಾಸ್ ಎರಡು ವಿಷಯ ಬರೆದುಕೊಂಡರು: ಮಗ ಹುಟ್ಟಿದ್ದು ಒಂದು, ಜಮೈಕಾದಿಂದ ಹಸಿರು ಬಣ್ಣದ ಹಕ್ಕಿಯೊಂದು ಬಂದು ತಲುಪಿದ್ದು ಇನ್ನೊಂದು. ಅವರಿಗೆ ಎರಡೂ ಸಂಭ್ರಮವೇ ಇರಬೇಕು!

ನೀರು ಕೊಳೆಯುವುದೇಕೆ?

ಹಗಲೂ ರಾತ್ರಿ ಬರೆದು ಬರೆದು ಗಾಸ್ ಅವರಿಗೆ ತಲೆನೋವು ಅಂಟಿಕೊಂಡಿತು. ವಿಶ್ರಾಂತಿಗಾಗಿ 1852ರಲ್ಲಿ ಹೆಂಡತಿ, ಮಗನೊಂದಿಗೆ ಇಂಗ್ಲೆಂಡಿನ ನೈರುತ್ಯಕ್ಕಿರುವ ಡೆವನ್ ಕರಾವಳಿಗೆ ಹೋದರು. ಆದರೆ ವಿಶ್ರಾಂತಿ ಎಲ್ಲಿ ಬಂತು? ಸಮುದ್ರ ಇಳಿತವಾದಾಗ ಬಂಡೆಗಳ ನಡುವಿನ ಹೊಂಡಗಳು ಕಾಣುತ್ತವೆ. ಅವುಗಳಲ್ಲಿ ಕಡಲಹೂ, ಸೀಗಡಿ, ಏಡಿ, ಬಣ್ಣಬಣ್ಣದ ಕಡಲಪಾಚಿ ಏನೇನೋ ಇರುತ್ತವೆ. ಗಾಸ್ ಎದೆಮಟ್ಟದ ನೀರಿಗೂ ಇಳಿದು, ಉಳಿ ಸುತ್ತಿಗೆ ಹಿಡಿದು, ಕಡಲಹೂ ಅಂಟಿದ ಕಲ್ಲಿನ ಚೂರನ್ನೇ ಜೋಪಾನವಾಗಿ ಬಿಡಿಸಿ ತರುತ್ತಿದ್ದರು. ಬುಡ ಹರಿದರೆ ಪ್ರಾಣಿಗೆ ಅಪಾಯ ಎಂದು ಅವರಿಗೆ ಗೊತ್ತಿತ್ತು.

ತಂದದ್ದನ್ನು ಬದುಕಿಸುವುದು ಹೇಗೆ? ಒಂದು ಪಾತ್ರೆಯಲ್ಲಿ ಕಡಲ ನೀರು ಹಾಕಿ ಅದರಲ್ಲಿ ಕಡಲಹೂ ಬಿಟ್ಟರೆ ಒಂದೆರಡು ದಿನದಲ್ಲಿ ನೀರು ನಾರುತ್ತದೆ, ಪ್ರಾಣಿ ಸಾಯುತ್ತದೆ. ಪ್ರತಿದಿನ ನೀರು ಬದಲಿಸಿದರೆ ಬದುಕುತ್ತದೆ. ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ಒಂದು ಕಡಲಹೂವನ್ನು ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. 1851ರಲ್ಲಿ ಅವರು ತೀರಿಕೊಂಡರು, ಕಡಲಹೂ ಸಾಯಲಿಲ್ಲ! ಒಬ್ಬರಾದ ಮೇಲೊಬ್ಬರು ಅದನ್ನು ನೋಡಿಕೊಂಡರು. ಅಜ್ಜಿ ಎಂದೇ ಹೆಸರಾದ ಅದು ಸತ್ತದ್ದು 1887ರಲ್ಲಿ. ಅಷ್ಟು ವರ್ಷವೂ ಯಾರಾದರೊಬ್ಬರು ಅದಕ್ಕೆ ಹೊಸ ಕಡಲ ನೀರು ತಂದು ಹಾಕುತ್ತಲೇ ಇದ್ದರು. ಅದಿದ್ದ ಎಡಿನ್‌ಬರೋ ನಗರ ಕಡಲ ಪಕ್ಕದಲ್ಲಿದೆ. ಲಂಡನ್ನಿನಲ್ಲಿ ಇರುವವರು ದಿನವೂ ಕಡಲ ನೀರು ಎಲ್ಲಿಂದ ತರಬೇಕು?

ಲಂಡನ್ನಿನಲ್ಲಿದ್ದ ಅನ್ನಾ ಥಿನ್ ಎಂಬ ಮಹಿಳೆ ಇದಕ್ಕೊಂದು ಉಪಾಯ ಹುಡುಕಿದ್ದರು. 1846ರಲ್ಲಿ ಡೆವನ್‌ನ ಟಾರ್ಕೀ ಎಂಬಲ್ಲಿ ಅವರಿಗೆ ಜೀವಂತ ಕಲ್ಲುಹವಳಗಳು ಸಿಕ್ಕವು. ದಾರಿಯಲ್ಲಿ ಒಂದಕ್ಕೊಂದು ತಾಗಿ ಹಾಳಾಗದಿರಲೆಂದು ಸೂಜಿ ದಾರದಿಂದ ಅವುಗಳನ್ನು ಒಂದು ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಕಡಲ ನೀರು ಮುಗಿಯುತ್ತ ಬಂದಾಗ ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಸಿ ಗಾಳಿ ಬೆರೆಸಿದರು. ನಮ್ಮಲ್ಲಿ ಬಿಸಿ ಹಾಲನ್ನು ಎತ್ತರದಿಂದ ಸುರಿದು ಆರಿಸುತ್ತೇವಲ್ಲ, ಹಾಗೆ. ಈ ಕೆಲಸ ಮಾಡಿದ್ದು ಮನೆಯ ಕೆಲಸದಾಕೆ. ಮರುವರ್ಷ ಅದೇ ನೀರಿಗೆ ಕಡಲಪಾಚಿಯನ್ನೂ ಸೇರಿಸಿದರು. ಹವಳಗಳು ಬದುಕಿದ್ದಲ್ಲದೆ ಮರಿಗಳನ್ನೂ ಮಾಡಿದವು. ಅನ್ನಾ ಥಿನ್ ಬರೆದಿಟ್ಟ ಟಿಪ್ಪಣಿಗಳು 1859ರಲ್ಲಿ ಅಚ್ಚಾದವು. ಅದಕ್ಕೆ ನೆರವಾದವರು ಗಾಸ್.

ನೀರಿಗೆ ಪಾಚಿ ಸೇರಿಸಿದರೆ ಏನಾಗುತ್ತದೆ? ನೀವು ಶಾಲೆಯಲ್ಲೇ ನೋಡಬಹುದು. ಕೆರೆಯಿಂದ ಹೈಡ್ರಿಲ್ಲಾ ಗಿಡದ ಒಂದು ತುಂಡು ತಂದು ನೀರು ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿ ಬಿಸಿಲಿಗಿಡಿ. ಸ್ವಲ್ಪ ಹೊತ್ತಿಗೆ ಅದರಿಂದ ಸಣ್ಣ ಗುಳ್ಳೆಗಳು ಮೇಲೇಳುತ್ತವೆ. ಆ ಗುಳ್ಳೆಗಳಲ್ಲಿರುವುದು ಹೆಚ್ಚಾಗಿ ಆಮ್ಲಜನಕ. ಪ್ರಾಣಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬೆಳಕಿನಲ್ಲಿ ಗಿಡ ಅದೇ ಇಂಗಾಲದ ಡೈಆಕ್ಸೈಡನ್ನು ಬಳಸಿ ಆಮ್ಲಜನಕವನ್ನು ಹಿಂದಕ್ಕೆ ಕೊಡುತ್ತದೆ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು 1850ರ ಹೊತ್ತಿಗೆ ಸಿಹಿನೀರಿನ ಮೀನುಗಳನ್ನು ಹೀಗೆಯೇ ಗಿಡದೊಂದಿಗೆ ಸಾಕಿ ತೋರಿಸಿದ್ದರು. ಗಾಸ್ 1852ರಲ್ಲಿ ಡೆವನ್‌ನಲ್ಲಿ ಕಡಲ ಪ್ರಾಣಿ, ಕಡಲಪಾಚಿಗಳೊಂದಿಗೆ ಅದನ್ನೇ ಮಾಡಿ, ಫಲಿತಾಂಶವನ್ನು ಪ್ರಕಟಿಸಿದರು.

ಕೇಳಲು ಸುಲಭ. ಮಾಡಲು ತಾಳ್ಮೆ ಬೇಕು. ಒಂದೇ ಒಂದು ಪ್ರಾಣಿ ಸತ್ತು ಮೂಲೆಯಲ್ಲಿ ಬಿದ್ದಿದ್ದರೂ ನೀರೆಲ್ಲ ಕೆಡುತ್ತದೆ. ಬಿಸಿಲು ಹೆಚ್ಚಾದರೆ ನೀರು ಕಾಯುತ್ತದೆ. ಗಾಜಿನ ಮೇಲೆ ಹಸಿರು ಪಾಚಿ ಬೆಳೆದು ಒಳಗೇನೂ ಕಾಣುವುದಿಲ್ಲ. ಈ ಹಸಿರನ್ನು ತೆಗೆಯಲು ಗಾಸ್ ಇಟ್ಟುಕೊಂಡ ಆಳುಗಳು ಯಾರು ಗೊತ್ತೇ? ಕಡಲ ಬಸವನಹುಳುಗಳು! ಅವು ಗಾಜಿನ ಮೇಲೆ ನಿಧಾನವಾಗಿ ಸಾಗುತ್ತ ಅರದಂತಹ ನಾಲಿಗೆಯಿಂದ ಪಾಚಿಯನ್ನು ಕೆರೆದು ತಿನ್ನುವುದನ್ನು ಅವರು ಮಸೂರ ಹಿಡಿದು ನೋಡುತ್ತ ಕುಳಿತಿರುತ್ತಿದ್ದರು.

ಹವಳಕ್ಕೆ ಊಟ

ಡೆವನ್‌ನ ಇಲ್ಫ್ರಕೂಮ್ ಎಂಬ ಊರಿನ ಬಳಿ ಗಾಸ್ ಅವರಿಗೆ ಹವಳಗಳೂ ಸಿಕ್ಕವು. ತಣ್ಣನೆಯ ಆ ಕಡಲಿನಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲ. ಬೆರಳ ತುದಿಯಷ್ಟು ಅಗಲದ, ಬಟ್ಟಲಿನ ಆಕಾರದ ಒಂಟಿ ಹವಳಗಳು ಬಂಡೆಯ ನೆರಳಿನಲ್ಲಿ ಅಂಟಿಕೊಂಡಿರುತ್ತವೆ. ಸಮುದ್ರ ತೀರಾ ಕೆಳಗಿಳಿದ ದಿನ ಮಾತ್ರ ಅವು ಕೈಗೆ ಸಿಗುತ್ತವೆ. ಅಲ್ಲಿ ಅವರಿಗೆ ಆವರೆಗೆ ಯಾರೂ ಹೆಸರಿಡದಿದ್ದ ಒಂದು ಹವಳ ಕಂಡಿತು: ಕಡುಗೆಂಪು ಮೈ, ಚಿನ್ನದ ಬಣ್ಣದ ಕರಬಳ್ಳಿಗಳು. ಅದಕ್ಕೆ ಬಲನೊಫಿಲಿಯ ರೀಜಿಯ ಎಂದು ಹೆಸರಿಟ್ಟು 1853ರಲ್ಲಿ ಪ್ರಕಟಿಸಿದರು. ರೀಜಿಯ ಎಂದರೆ ಲ್ಯಾಟಿನ್ ಭಾಷೆಯಲ್ಲಿ ರಾಜಯೋಗ್ಯವಾದದ್ದು.

ಹವಳವನ್ನು ಗಾಜಿನ ಪಾತ್ರೆಯಲ್ಲಿಟ್ಟು ಅದರ ಕರಬಳ್ಳಿಯ ಮೇಲೆ ಮಾಂಸದ ಸಣ್ಣ ಚೂರು ಇಟ್ಟರೆ ಕರಬಳ್ಳಿಗಳು ಅದನ್ನು ಹಿಡಿದು ಬಾಯಿಗೆ ದಾಟಿಸುತ್ತವೆ. ಬಾಯಿ ಅಗಲವಾಗಿ ತುತ್ತನ್ನು ಒಳಗೆಳೆದುಕೊಳ್ಳುತ್ತದೆ. ಗಾಸ್ ಇದನ್ನೆಲ್ಲ ನೋಡಿ ಬರೆದರು, ಬಣ್ಣದ ಚಿತ್ರ ಮಾಡಿದರು. ಇಲ್ಲಿ ಅವರಿಗೆ ಗೊತ್ತಿಲ್ಲದೆಯೇ ಒಂದು ಅನುಕೂಲವಾಗಿತ್ತು. ಬೆಚ್ಚನೆಯ ಕಡಲಿನಲ್ಲಿ ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಕೋಶಗಳು ವಾಸಿಸುತ್ತವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತವೆ. ಹಾಗಾಗಿ ಅಂಥ ಹವಳಕ್ಕೆ ಪ್ರಖರವಾದ ಬೆಳಕು ಬೇಕೇ ಬೇಕು. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಲವು ವಾರ ಹಾಗೇ ಉಳಿದರೆ ಪಾಚಿಕೋಶಗಳನ್ನು ಕಳೆದುಕೊಂಡು ಹವಳ ಬಿಳಿಚಿಕೊಳ್ಳುತ್ತದೆ. ಡೆವನ್‌ನ ಬಟ್ಟಲು ಹವಳಗಳಲ್ಲಿ ಈ ಪಾಚಿಕೋಶಗಳಿಲ್ಲ. ತುತ್ತು ಕೊಟ್ಟರೆ ಸಾಕು, ಕಿಟಕಿಯ ಮಂದ ಬೆಳಕಿನಲ್ಲೂ ಬದುಕುತ್ತವೆ. ಪ್ರಾಣಿಯ ಮೈಯಲ್ಲಿ ಪಾಚಿ ವಾಸಿಸುವ ಈ ಸಂಗತಿ ಸ್ಪಷ್ಟವಾದದ್ದು 1880ರ ದಶಕದಲ್ಲಿ.

ಗಾಸ್ ಕುತೂಹಲಕ್ಕೆ ಮಿತಿಯೇ ಇರಲಿಲ್ಲ. ಒಂದು ದಪ್ಪ ಕಡಲಹೂವನ್ನು ಬೇಯಿಸಿ ತಿಂದೂ ನೋಡಿದರು! ನೀವು ಮಾತ್ರ ಕಡಲ ತೀರದಲ್ಲಿ ಸಿಕ್ಕಿದ್ದನ್ನು ತಿನ್ನುವುದಿರಲಿ, ಮುಟ್ಟಲೂ ಹೋಗಬೇಡಿ. ಕೆಲವು ಲೋಳೆಮೀನುಗಳು ದಡದಲ್ಲಿ ಸತ್ತು ಬಿದ್ದಿದ್ದರೂ ಕುಟುಕುತ್ತವೆ.

ತನ್ನ ಚರ್ಮದ ಮೇಲೆ ಪರೀಕ್ಷೆ

ಕುಟುಕುವುದು ಹೇಗೆ? ಸೀಗಡಿಯೊಂದು ಕಡಲಹೂವಿಗೆ ತಾಗಿದರೆ ಅಲ್ಲೇ ಅಂಟಿಕೊಂಡು ನಿಶ್ಚೇಷ್ಟಿತವಾಗುತ್ತದೆ. ಬರಿಯ ಅಂಟಿನಿಂದ ಹೀಗಾಗುತ್ತದೆಯೇ, ಬೇರೇನಾದರೂ ಇದೆಯೇ? ಕರಬಳ್ಳಿಯಲ್ಲಿ ಅತಿ ಸಣ್ಣ ಕೋಶಿಕೆಗಳಿರುವುದನ್ನೂ ಅವುಗಳೊಳಗೆ ಸುರುಳಿ ಸುತ್ತಿದ ದಾರ ಇರುವುದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದವರಿದ್ದರು. ಆ ದಾರ ನಿಜವಾಗಿ ಚರ್ಮದೊಳಗೆ ನುಗ್ಗುತ್ತದೆಯೇ ಎಂದು ಪರೀಕ್ಷಿಸಲು ಗಾಸ್ ಮಾಡಿದ್ದು ಹೀಗೆ: ಕ್ಷೌರದ ಕತ್ತಿಯಿಂದ ತಮ್ಮ ಪಾದದ ಮೇಲ್ಚರ್ಮದ ತೆಳ್ಳನೆಯ ಪದರವೊಂದನ್ನು ಹೆರೆದು ತೆಗೆದರು. ಅರಳಿದ್ದ ಕಡಲಹೂವಿನ ಕರಬಳ್ಳಿಗೆ ಅದನ್ನು ತಾಗಿಸಿದರು. ಅದು ಒಂದು ಕ್ಷಣ ಅಂಟಿಕೊಂಡಿತು. ಬಿಡಿಸಿಕೊಂಡು 600 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಚರ್ಮದ ಮೇಲೆ ಕೋಶಿಕೆಗಳು ನೆಟ್ಟಗೆ ನಿಂತಿದ್ದವು; ಪ್ರತಿಯೊಂದರ ದಾರವೂ ಚರ್ಮದೊಳಗೆ ನಾಟಿತ್ತು!

ಇಂದು ನಮಗೆ ಇನ್ನಷ್ಟು ಗೊತ್ತು. ಈ ಕುಟುಕುಕಣದೊಳಗೆ ಒತ್ತಡ ಬಹಳ ಹೆಚ್ಚಿರುತ್ತದೆ. ಬೇಟೆ ತಾಗಿದೊಡನೆ ಮುಚ್ಚಳ ತೆರೆದು, ಕಾಲುಚೀಲ ಒಳಮಗ್ಗಲು ಹೊರಗಾಗುವಂತೆ, ದಾರ ಹೊರಚಿಮ್ಮಿ ವಿಷವನ್ನು ಒಳಸೇರಿಸುತ್ತದೆ. ಇಡೀ ಕೆಲಸ ಮುಗಿಯಲು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು ಸಾಕು. ಒಮ್ಮೆ ಸಿಡಿದ ಕಣ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಹೊಸದು ಬೆಳೆಯಬೇಕು. ಹವಳಗಳು ಇದನ್ನು ಬೇಟೆಗೆ ಮಾತ್ರವಲ್ಲ, ಜಾಗದ ಜಗಳಕ್ಕೂ ಬಳಸುತ್ತವೆ. ಕೆಲವು ಜಾತಿಯ ಹವಳಗಳು ರಾತ್ರಿ ಹೊತ್ತು ಮಾಮೂಲಿಗಿಂತ ಎಷ್ಟೋ ಪಟ್ಟು ಉದ್ದದ ಕರಬಳ್ಳಿಗಳನ್ನು ಚಾಚಿ ಪಕ್ಕದ ಹವಳವನ್ನು ಕುಟುಕಿ ಸಾಯಿಸುತ್ತವೆ. ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರು ಎರಡು ಹವಳಗಳ ನಡುವೆ ಜಾಗ ಬಿಡುವುದು ಇದೇ ಕಾರಣಕ್ಕೆ. ಹೂದೋಟದಂತೆ ಕಾಣುವ ತೊಟ್ಟಿಯೊಳಗೆ ರಾತ್ರಿಯೆಲ್ಲ ಗಡಿ ಜಗಳ!

ಉಪ್ಪು ಬೆರೆಸಿ ಕಡಲು ಮಾಡಿದ್ದು

1853ರ ಮೇ ತಿಂಗಳಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಜಗತ್ತಿನ ಮೊದಲ ಅಕ್ವೇರಿಯಂ ತೆರೆಯಿತು. ಅದಕ್ಕೆ ಬೇಕಾದ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಒಬ್ಬರು. ಮನೆಯಲ್ಲಿ ಸಾಕಬೇಕೆಂದರೆ? ನೀರು ಬದಲಿಸದಿದ್ದರೂ ಮೊದಲ ಬಾರಿಗಾದರೂ ಕಡಲ ನೀರು ಬೇಕಲ್ಲವೇ? ಆಗ ಗಾಸ್ ಒಂದು ಯೋಚನೆ ಮಾಡಿದರು. ಕಡಲ ನೀರಿನಲ್ಲಿ ಯಾವ ಯಾವ ಲವಣ ಎಷ್ಟೆಷ್ಟಿದೆ ಎಂದು ರಸಾಯನಶಾಸ್ತ್ರಜ್ಞರು ಅಳೆದಿದ್ದರು. ಅದೇ ಪ್ರಮಾಣದಲ್ಲಿ ಬೆರೆಸಿದರೆ ಕಡಲ ನೀರೇ ಆಗಬೇಕಲ್ಲ!

1854ರಲ್ಲಿ ಅವರು ಮಾಡಿದ ಮಿಶ್ರಣವನ್ನು ನಮ್ಮ ಅಳತೆಗೆ ತಂದರೆ ಹೀಗಿದೆ. ಸುಮಾರು ನಾಲ್ಕೂವರೆ ಲೀಟರ್ ಸಿಹಿನೀರಿಗೆ 99 ಗ್ರಾಂ ಅಡಿಗೆ ಉಪ್ಪು, 7 ಗ್ರಾಂ ಎಪ್ಸಂ ಲವಣ, 13 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್, ಎರಡೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಮೊದಲು ಕಡಲಪಾಚಿಯನ್ನಷ್ಟೇ ಬಿಟ್ಟು ಕೆಲವು ದಿನ ಕಾದರು. ಆಮೇಲೆ ಪ್ರಾಣಿಗಳನ್ನು ಬಿಟ್ಟರು. ಅವು ಆರು ವಾರ ಕಳೆದರೂ ಚೆನ್ನಾಗಿಯೇ ಇದ್ದವು.

ಈ ಪಟ್ಟಿಯಲ್ಲಿ ಒಂದು ಮುಖ್ಯವಾದ ವಸ್ತು ಇಲ್ಲ. ಯಾವುದೆಂದು ಹೇಳಬಲ್ಲಿರಾ? ಹವಳ ತನ್ನ ಆಸರೆಯನ್ನು ಕಟ್ಟುವುದು ಯಾವುದರಿಂದ ಎಂದು ನೆನಪು ಮಾಡಿಕೊಳ್ಳಿ. ಹೌದು, ಸುಣ್ಣ! ಅದರ ಪ್ರಮಾಣ ತೀರಾ ಕಡಿಮೆ ಎಂದು ಗಾಸ್ ಬೇಕೆಂದೇ ಬಿಟ್ಟಿದ್ದರು. ತೊಟ್ಟಿಯ ತಳದಲ್ಲಿ ಹಾಸುವ ಚಿಪ್ಪಿನ ಚೂರುಗಳಿಂದಲೇ ಬೇಕಾದಷ್ಟು ಸಿಗುತ್ತದೆ ಎಂಬುದು ಅವರ ಲೆಕ್ಕ. ನಿಜವಾದ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿದ್ದು, ಅದರಲ್ಲಿ ಕ್ಯಾಲ್ಸಿಯಂ ಸುಮಾರು 0.4 ಗ್ರಾಂ ಮಾತ್ರ. ಆದರೆ ಬೆಳೆಯುವ ಹವಳಗಳಿರುವ ತೊಟ್ಟಿಯಲ್ಲಿ ಆ 0.4 ಗ್ರಾಂ ಬೇಗ ಖರ್ಚಾಗುತ್ತದೆ. ಹಾಗಾಗಿ ಈಗ ಕ್ಯಾಲ್ಸಿಯಂ ಅನ್ನು ಅಳೆದು ಅಳೆದು ಸೇರಿಸುತ್ತಾರೆ.

ಅದೇ 1854ರಲ್ಲಿ ಅಕ್ವೇರಿಯಂ ಎಂಬ ಹೆಸರಿನ ಗಾಸ್ ಅವರ ಪುಸ್ತಕ ಬಂತು. ಹಳೆಯ ಲ್ಯಾಟಿನ್‌ನಲ್ಲಿ ಆ ಪದಕ್ಕೆ ದನಕರುಗಳಿಗೆ ನೀರು ಕುಡಿಸುವ ತಾವು ಎಂಬ ಅರ್ಥವಿತ್ತು. ನಮ್ಮ ಹಳ್ಳಿಗಳ ಕಲ್ಲುಬಾನಿ ಎನ್ನಿ! ಪುಸ್ತಕದ ಬಣ್ಣದ ಚಿತ್ರಗಳನ್ನು ನೋಡಿ ಜನ ಮರುಳಾದರು. 1845ರಲ್ಲಿ ಬ್ರಿಟನ್ ಸರ್ಕಾರ ಗಾಜಿನ ಮೇಲಿನ ತೆರಿಗೆಯನ್ನು ತೆಗೆದಿದ್ದರಿಂದ ಗಾಜು ಅಗ್ಗವಾಗಿತ್ತು. ರೈಲು ಕಡಲ ತೀರದವರೆಗೂ ಹೋಗುತ್ತಿತ್ತು. ಮನೆ ಮನೆಯ ಕಿಟಕಿಯಲ್ಲೂ ತೊಟ್ಟಿ, ತೊಟ್ಟಿಯಲ್ಲಿ ಕಡಲಹೂ. 1855ರಲ್ಲಿ ಗಾಸ್ ಇಲ್ಫ್ರಕೂಮ್‌ನಲ್ಲಿ ಕಡಲ ದಂಡೆಯ ಮೇಲೆಯೇ ತರಗತಿ ನಡೆಸಿ ಆಸಕ್ತರಿಗೆ ಪಾಠ ಹೇಳಿದರು. 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಹದಿನೈದಕ್ಕೆ ಶಾಲೆ ಬಿಟ್ಟ ಗುಮಾಸ್ತನಿಗೆ ಅದು ದೊಡ್ಡ ಗೌರವ.

ದುಃಖದ ವರ್ಷ

1857 ಅವರ ಪಾಲಿಗೆ ಕೆಟ್ಟ ವರ್ಷ. ಫೆಬ್ರುವರಿಯಲ್ಲಿ ಎಮಿಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಡ್ಮಂಡ್‌ಗೆ ಆಗ ಏಳು ವರ್ಷ. ಅದೇ ವರ್ಷ ಗಾಸ್ ಓಂಫಾಲಸ್ ಎಂಬ ಪುಸ್ತಕ ಬರೆದರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಹೊಕ್ಕುಳು. ಭೂಮಿ ಬಹಳ ಹಳೆಯದು ಎಂದು ಪಳೆಯುಳಿಕೆಗಳು ಹೇಳುತ್ತಿದ್ದವು. ಗಾಸ್ ಬೈಬಲ್ಲಿನ ಅಕ್ಷರ ಅಕ್ಷರವನ್ನೂ ನಂಬಿದವರು. ದೇವರು ಭೂಮಿಯನ್ನು ಸೃಷ್ಟಿಸುವಾಗಲೇ ಹಳೆಯದರಂತೆ ಕಾಣುವ ಗುರುತುಗಳೊಂದಿಗೆ ಸೃಷ್ಟಿಸಿದ ಎಂದು ಅವರು ವಾದಿಸಿದರು. ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮದವರೂ ಒಪ್ಪಲಿಲ್ಲ. ಪರೀಕ್ಷಿಸಿ ನೋಡಲು ದಾರಿಯೇ ಇಲ್ಲದ ವಾದ ಅದು. ತನ್ನ ಚರ್ಮವನ್ನೇ ಹೆರೆದು ಪರೀಕ್ಷೆಗಿಟ್ಟ ಮನುಷ್ಯ ಇಂಥ ವಾದ ಮಾಡಿದರಲ್ಲ ಎಂದು ನನಗೆ ಇಂದಿಗೂ ಆಶ್ಚರ್ಯ. ಎರಡು ವರ್ಷದ ನಂತರ, 1859ರಲ್ಲಿ ಡಾರ್ವಿನ್ ಅವರ ಜೀವವಿಕಾಸದ ಪುಸ್ತಕ ಬಂತು.

ಗಾಸ್ ಮಗನೊಂದಿಗೆ ಟಾರ್ಕೀ ಪಕ್ಕದ ಸೇಂಟ್ ಮೇರಿಚರ್ಚ್‌ಗೆ ಬಂದು ನೆಲೆಸಿದರು. ತಂದೆ ಮಗ ಇಬ್ಬರೂ ಬಂಡೆಗಳ ಹೊಂಡಗಳಲ್ಲಿ ಹುಡುಕುತ್ತ ಬೆಳಗು ಕಳೆಯುತ್ತಿದ್ದರು. ಬ್ರಿಟನ್ನಿನ ಕಡಲಹೂಗಳನ್ನೂ ಹವಳಗಳನ್ನೂ ಕುರಿತ ಅವರ ದೊಡ್ಡ ಪುಸ್ತಕ 1858ರಿಂದ 1860ರವರೆಗೆ ಕಂತು ಕಂತಾಗಿ ಹೊರಬಂತು. ಚರ್ಮದ ಆ ಪರೀಕ್ಷೆಯ ವಿವರ ಇರುವುದು ಅದರಲ್ಲೇ. ಪುಟ್ಟ ಎಡ್ಮಂಡ್ ಒಮ್ಮೆ ತೋರಿಸಿದ ಒಂದು ಕಡಲಹೂ ಬ್ರಿಟನ್ನಿನಲ್ಲಿ ಅದುವರೆಗೆ ಯಾರಿಗೂ ಕಂಡಿರದ ಬಗೆಯದಾಗಿತ್ತು. ಅದೂ ಆ ಪುಸ್ತಕ ಸೇರಿತು. ಹುಡುಗನ ಹೆಮ್ಮೆ ಹೇಗಿದ್ದಿರಬಹುದು, ಯೋಚಿಸಿ!

ಇತ್ತ ತೊಟ್ಟಿಯ ಹುಚ್ಚು ಹಬ್ಬುತ್ತಲೇ ಇತ್ತು. ಗಾಸ್ ಅವರ ತಾಳ್ಮೆ ಎಲ್ಲರಿಗೂ ಇರಬೇಕಲ್ಲ? ಜನ ರೈಲಿನಲ್ಲಿ ಗುಂಪು ಗುಂಪಾಗಿ ಬಂದು ಬಂಡೆ ಒಡೆದು ಬುಟ್ಟಿ ತುಂಬಿ ಒಯ್ದರು. ಒಯ್ದವುಗಳಲ್ಲಿ ಎಷ್ಟೋ ಪ್ರಾಣಿಗಳು ಕೊಳೆತ ನೀರಿನಲ್ಲಿ ಸತ್ತವು. ಸತ್ತವೆಂದು ಮತ್ತೆ ಬಂದು ಒಯ್ದರು. ಕೆಲವರು ಮಾರಾಟಕ್ಕೇ ಕೀಳಿಸಿದರು. ಕೆಲವೇ ವರ್ಷಗಳಲ್ಲಿ ಗಾಸ್ ಪುಸ್ತಕದಲ್ಲಿ ಬಣ್ಣಿಸಿದ್ದ ಹೊಂಡಗಳು ಬರಿದಾದವು. ಜನರಿಗೆ ದಾರಿ ತೋರಿಸಿದ್ದು ತನ್ನ ಪುಸ್ತಕಗಳೇ ಎಂಬ ನೋವು ಅವರನ್ನು ಕಾಡಿತು. ಮಗ ಎಡ್ಮಂಡ್ ಗಾಸ್ ಮುಂದೆ ಹೆಸರುವಾಸಿ ಲೇಖಕರಾಗಿ, 1907ರಲ್ಲಿ ಬಂದ ತಮ್ಮ ಬಾಲ್ಯದ ಕಥನದಲ್ಲಿ ಇದನ್ನು ವ್ಯಥೆಯಿಂದ ದಾಖಲಿಸಿದ್ದಾರೆ.

ಈ ಸಮಸ್ಯೆ ಅಲ್ಲಿಗೇ ಮುಗಿದಿಲ್ಲ. ಇಂದು ಪಂಪು, ವಿಶೇಷ ದೀಪ, ಉಷ್ಣತೆ ಕಾಯ್ದುಕೊಳ್ಳುವ ಯಂತ್ರ ಎಲ್ಲ ಇರುವುದರಿಂದ ಬೆಚ್ಚನೆಯ ಕಡಲಿನ ಹವಳಗಳನ್ನೂ ಮನೆಯಲ್ಲಿ ಸಾಕುವವರು ಹಲವು ದೇಶಗಳಲ್ಲಿದ್ದಾರೆ. ಒಂದು ಹವಳವನ್ನು ತುಂಡು ಮಾಡಿ ತುಂಡಿನಿಂದ ಹೊಸ ಹವಳ ಬೆಳೆಸುವ ವಿಧಾನವೂ ಬಂದಿದೆ. ಆದರೂ ಕಡಲಿನಿಂದ ಕಿತ್ತು ಮಾರುವುದು ನಿಂತಿಲ್ಲ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಕೊಟ್ಟ ರಕ್ಷಣೆಯೇ ಹವಳಕ್ಕೂ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ ನೀರಿನಡಿಯಲ್ಲಿ ಇಂಥ ಹವಳಗಳಿವೆ. ಅವುಗಳ ಒಂದು ಚೂರನ್ನು ಕಿತ್ತು ತರುವುದೂ ಅಪರಾಧ.

ಗಾಸ್ 1860ರಲ್ಲಿ ಎಲೈಜಾ ಬ್ರೈಟ್ವೆನ್ ಎಂಬುವರನ್ನು ಮದುವೆಯಾದರು. ಮುಂದಿನ ವರ್ಷಗಳಲ್ಲಿ ಅವರ ಗಮನ ಗಾಜಿನ ಮನೆಯ ಆರ್ಕಿಡ್ ಹೂಗಳ ಕಡೆಗೆ, ಮತ್ತೆ ಸೂಕ್ಷ್ಮದರ್ಶಕದ ಕಡೆಗೆ ಹೊರಳಿತು. ಒಂದು ಹನಿ ನೀರಿನಲ್ಲಿ ಚಕ್ರ ತಿರುಗಿಸಿದಂತೆ ರೋಮಗಳನ್ನು ಆಡಿಸುತ್ತ ಈಜುವ ರೋಟಿಫರ್ ಎಂಬ ಸೂಕ್ಷ್ಮಜೀವಿಗಳ ಬಗ್ಗೆ ಸಿ. ಟಿ. ಹಡ್ಸನ್ ಅವರೊಂದಿಗೆ ಸೇರಿ ಸಿದ್ಧಪಡಿಸಿದ ಎರಡು ಸಂಪುಟಗಳ ಗ್ರಂಥ 1886ರಲ್ಲಿ ಪ್ರಕಟವಾಯಿತು. ಆಗ ಅವರಿಗೆ 76 ವರ್ಷ. ಕೊನೆಯ ದಿನಗಳಲ್ಲಿ ದೂರದರ್ಶಕ ಹಿಡಿದು ನಕ್ಷತ್ರಗಳನ್ನು ನೋಡುವ ಹವ್ಯಾಸವನ್ನೂ ಬೆಳೆಸಿಕೊಂಡಿದ್ದರು. 1888ರ ಆಗಸ್ಟ್ 23ರಂದು ಸೇಂಟ್ ಮೇರಿಚರ್ಚ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು.

ಅವರು ಹೆಸರಿಟ್ಟ ಕೆಂಪು ಮೈಯ, ಚಿನ್ನದ ಕರಬಳ್ಳಿಯ ಹವಳ ಆ ಕರಾವಳಿಯ ಬಂಡೆಗಳಲ್ಲಿ ಈಗಲೂ ಬದುಕಿದೆ.